ನಲವತ್ತೆರಡು ಗುಡ್ಡ, ಇಪ್ಪತ್ನಾಲ್ಕು ಗಂಟೆ

ಗುಡ್ಡ ಹತ್ತುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹಿಡಿದು, ಶನಿವಾರ ಕುಮಾರಪರ್ವತವನ್ನೋ ಕುದುರೆಮುಖವನ್ನೋ ಹತ್ತಿ, ಸೋಮವಾರ ಬೆಳಿಗ್ಗೆ ಕುಂಟುತ್ತಾ ಆಫೀಸಿನ ಮೆಟ್ಟಿಲು ಏರುವ ಸಾಫ್ಟ್‌ವೇರ್ ಮಂದಿ ನಿಮಗೂ ಗೊತ್ತಿರ್ತಾರೆ. (ನಿಮ್ಮಲ್ಲೇ ಕೆಲವರು ಇರಬಹುದು :-) ) ಆದರೆ ಅದೇ ಗುಡ್ಡವನ್ನು ಓಡುತ್ತಾ ಹತ್ತಿ, ಓಡುತ್ತಾ ಇಳಿದು, ಪಕ್ಕದ ಗುಡ್ಡಕ್ಕೆ ಕೈ ಹಾಕಿ, ಹೀಗೆ ಒಂದಾದ ಮೇಲೊಂದು ನಲವತ್ತೆರಡು ಗುಡ್ಡ ಮುಗಿಸಿ, ಹೊರಟ ಜಾಗಕ್ಕೆ ಇಪ್ಪತ್ನಾಲ್ಕು ಗಂಟೆಯೊಳಗೆ ವಾಪಸ್ ಬರೋದು ಅಂದರೆ?

ಇದನ್ನು ಮೊದಲು ಮಾಡಿದವನು ಸೈನಿಕನೂ ಅಲ್ಲ, ಒಲಿಂಪಿಕ್ಸ್ ಓಟಗಾರನೂ ಅಲ್ಲ. ಇಂಗ್ಲೆಂಡಿನ ಒಂದು ಪುಟ್ಟ ಊರಲ್ಲಿ ಅತಿಥಿಗೃಹ ನಡೆಸುತ್ತಿದ್ದ ಮನುಷ್ಯ. ಹೆಸರು ಬಾಬ್ ಗ್ರಹಾಂ. ವರ್ಷ 1932. ಅವನ ನಂತರ 28 ವರ್ಷ ಯಾರಿಗೂ ಅದನ್ನು ಮತ್ತೆ ಮಾಡೋದಕ್ಕೆ ಆಗಲಿಲ್ಲ. ಹಾಗಾಗಿ ಕೆಲವರು "ಇವನು ನಿಜವಾಗಲೂ ಮಾಡಿದ್ದನಾ?" ಅಂತ ಕೇಳೋದಕ್ಕೆ ಶುರು ಮಾಡಿದರು. ಇವತ್ತು ನಾನು ಬರೆಯಹೊರಟಿರೋದು ಆ ಪ್ರಶ್ನೆಯ ಸುತ್ತಲಿನ ಇತಿಹಾಸ.

ಈ ಕತೆ ನನಗೆ ಗೊತ್ತಾದದ್ದು ಪ್ರಾಜೆಕ್ಟಿನ ಪುಣ್ಯದಿಂದ. ಒಂದೂವರೆ ವರ್ಷ ಮ್ಯಾಂಚೆಸ್ಟರಿನಲ್ಲಿ ಆನ್‌ಸೈಟ್ ಇದ್ದೆ. ಅಲ್ಲಿನ ಟೀಮಿನಲ್ಲಿ ಐವತ್ತು ದಾಟಿದ ಒಬ್ಬರು ಟೆಸ್ಟರ್ ಇದ್ದರು, ವಾರಕ್ಕೆರಡು ದಿನ ಗುಡ್ಡದಲ್ಲಿ ಓಡೋರು. ನನ್ನನ್ನೂ ಎಳೆದುಕೊಂಡು ಹೋದರು. ಹಾಗೆ ಲೇಕ್ ಡಿಸ್ಟ್ರಿಕ್ಟನ್ನು ನಾಲ್ಕೂ ಋತುಗಳಲ್ಲಿ ನೋಡೋ ಭಾಗ್ಯ ಸಿಕ್ಕಿತು. ಪೂರ್ತಿ ಸುತ್ತು ಓಡೋ ತಾಕತ್ತು ನನಗಿಲ್ಲ ಬಿಡಿ. ಅಲ್ಲೊಂದು ತುಂಡು, ಇಲ್ಲೊಂದು ತುಂಡು ಓಡಿದ್ದೀನಿ ಅಷ್ಟೆ.

ಮೊದಲು ಜಾಗದ ಪರಿಚಯ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕಂಬ್ರಿಯಾ ಅಂತ ಒಂದು ಪ್ರಾಂತ್ಯ. ಅಲ್ಲಿ ಗುಡ್ಡಕ್ಕೆ 'ಫೆಲ್' ಅಂತಾರೆ. ಸಾವಿರ ವರ್ಷಕ್ಕೂ ಹಿಂದೆ ಬಂದು ನೆಲೆಸಿದ ನಾರ್ಸ್ ಜನರ ಭಾಷೆಯಿಂದ ಉಳಿದ ಪದ ಅದು. ಹಾಗಾಗಿ ಈ ಓಟಕ್ಕೆ ಅಲ್ಲಿ 'ಫೆಲ್ ರನ್ನಿಂಗ್' ಅಂತ ಹೆಸರು. 'ಟ್ರೇಲ್ ರನ್ನಿಂಗ್' ಅಂದರೆ ಹಳಬರು ಸ್ವಲ್ಪ ಮುಖ ಸಿಂಡರಿಸ್ತಾರೆ. ಯಾಕಂದ್ರೆ ಟ್ರೇಲ್ ಅಂದರೆ ದಾರಿ, ಇಲ್ಲಿ ಎಷ್ಟೋ ಕಡೆ ದಾರಿಯೇ ಇಲ್ಲ. ನಕ್ಷೆ, ದಿಕ್ಸೂಚಿ, ಕಾಲಡಿ ಹುಲ್ಲು, ಕಲ್ಲು, ಕೆಸರು.

ಎತ್ತರ ಕೇಳಿದರೆ ನಮ್ಮವರು ನಗಬಹುದು. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕೇಫೆಲ್ ಪೈಕ್ ಬರೀ 978 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಹತ್ತಿರ ಹತ್ತಿರ ಎರಡರಷ್ಟು. ನಾನೂ ಮೊದಲು ಹಾಗೇ ಅಂದುಕೊಂಡು ನಕ್ಕಿದ್ದೆ. ಆದರೆ ಎತ್ತರಕ್ಕಿಂತ ಅಲ್ಲಿ ಹವೆ ದೊಡ್ಡದು. ಬಾರೋಡೇಲ್ ಕಣಿವೆಯ ಸೀತ್‌ವೇಟ್ ಅನ್ನೋ ಹಳ್ಳಿ ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಆಗುಂಬೆಯವರಿಗೆ ಇದೂ ಕಮ್ಮಿಯೇ. ಆದರೆ ಆಗುಂಬೆಯ ಮಳೆ ನಾಲ್ಕು ತಿಂಗಳು ಸುರಿದು ಸುಮ್ಮನಾಗುತ್ತೆ. ಅಲ್ಲಿನದು ವರ್ಷವಿಡೀ, ಅದೂ ಮೂಳೆ ಕೊರೆಯೋ ಚಳಿಯ ಜೊತೆ. ಇನ್ನು ಬೆಳಕಿನ ವಿಷಯ. ಜೂನ್‌ನಲ್ಲಿ ಹಗಲು ಸುಮಾರು ಹದಿನೇಳು ಗಂಟೆ, ಡಿಸೆಂಬರಿನಲ್ಲಿ ಏಳೂವರೆ ಗಂಟೆ. ಒಂದೇ ಗುಡ್ಡ, ಆದರೆ ಋತುವಿಗೊಂದು ಬೇರೆ ಗುಡ್ಡ. ಅದಕ್ಕೇ ಈ ಇತಿಹಾಸವನ್ನೂ ಋತುಗಳ ಪ್ರಕಾರವೇ ಹೇಳ್ತೀನಿ.

ವಸಂತ

ಏಪ್ರಿಲ್ ಬಂತು ಅಂದರೆ ಅಲ್ಲಿ ಕುರಿಗಳು ಮರಿ ಹಾಕೋ ಕಾಲ. ಮೇಲಿನ ಗಲ್ಲಿಗಳಲ್ಲಿ ಇನ್ನೂ ಹಿಮ ಉಳಿದಿರುತ್ತೆ, ಕೆಳಗೆ ಗೋಡೆ ಪಕ್ಕದಲ್ಲಿ ಕಡ್ಡಿಕಾಲಿನ ಮರಿಗಳು. ಓಡೋರು ಕುರಿಮಂದೆಯಿಂದ ದೂರ ಸುತ್ತಿಕೊಂಡು ಹೋಗಬೇಕು, ನಾಯಿ ಇದ್ದರೆ ಹಗ್ಗ ಕಟ್ಟಿರಬೇಕು. ಯಾರೂ ಬೋರ್ಡು ಹಾಕಿ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಅಲ್ಲಿನ ಹರ್ಡ್‌ವಿಕ್ ತಳಿಯ ಕುರಿಗೆ ಒಂದು ವಿಶೇಷ ಇದೆ. ತಾಯಿ ಯಾವ ಗುಡ್ಡದ ಯಾವ ಭಾಗದಲ್ಲಿ ಮೇಯುತ್ತೋ ಮರಿಯೂ ಅದನ್ನೇ ಕಲಿತು, ಬೇಲಿ ಇಲ್ಲದಿದ್ದರೂ ಆ ಜಾಗ ಬಿಟ್ಟು ಹೋಗಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಟುವ ನಕ್ಷೆ ಅದು.

ಆದರೆ ಗುಡ್ಡದ ಮೇಲೆ ಓಡೋ ಹಕ್ಕು ಎಲ್ಲ ಕಡೆ ಸುಮ್ಮನೆ ಸಿಕ್ಕಿದ್ದಲ್ಲ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಕಿಂಡರ್ ಸ್ಕೌಟ್ ಅಂತ ಒಂದು ಎತ್ತರದ ಬಯಲು ಇದೆ. ಆ ಕಾಲದಲ್ಲಿ ಅದು ಜಮೀನುದಾರರ ಹಕ್ಕಿ ಶಿಕಾರಿಯ ಜಾಗ. ವಾರವಿಡೀ ಮಿಲ್ಲಿನ ಹೊಗೆ ಕುಡಿದ ಕಾರ್ಮಿಕರು ಭಾನುವಾರ ಒಂದಿಷ್ಟು ಗಾಳಿಗೆ ಅಂತ ಬಂದರೆ ಕಾವಲುಗಾರರು ದೊಣ್ಣೆ ಹಿಡಿದು ಓಡಿಸ್ತಿದ್ದರು. 1932ರ ಏಪ್ರಿಲ್ 24ರಂದು ಇಪ್ಪತ್ತು ವರ್ಷದ ಬೆನ್ನಿ ರಾತ್‌ಮನ್ ಎಂಬ ಹುಡುಗನ ಮುಂದಾಳತ್ವದಲ್ಲಿ ಕೆಲವು ನೂರು ಜನ ಬೇಕಂತಲೇ ಆ ಗುಡ್ಡಕ್ಕೆ ನುಗ್ಗಿದರು. ಐದು ಜನರಿಗೆ ಎರಡರಿಂದ ಆರು ತಿಂಗಳ ಜೈಲಾಯಿತು. ಗುಡ್ಡದ ಮೇಲೆ ನಡೆದದ್ದಕ್ಕೆ ಜೈಲು! ಆ ಶಿಕ್ಷೆಯೇ ಜನರನ್ನು ಕೆರಳಿಸಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1951ರಲ್ಲಿ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಾಯಿತು, 2000ದಲ್ಲಿ ಬಯಲು ಗುಡ್ಡಗಳಲ್ಲಿ ಓಡಾಡುವ ಹಕ್ಕಿನ ಕಾನೂನು ಬಂತು. ಆ ಏಪ್ರಿಲ್ ಆಗಿ ಎರಡು ತಿಂಗಳು ತುಂಬುವ ಮೊದಲೇ, ಅದೇ ವರ್ಷದ ಜೂನ್‌ನಲ್ಲಿ, ನಮ್ಮ ಬಾಬ್ ಗ್ರಹಾಂ ಓಡಿದ್ದು. ಇವರಿಬ್ಬರಿಗೂ ಪರಸ್ಪರ ಸಂಬಂಧ ಇರಲಿಲ್ಲ, ಆದರೆ ಒಂದೇ ವರ್ಷದಲ್ಲಿ ಇಬ್ಬರು ಸಾಮಾನ್ಯರು ಗುಡ್ಡ ಯಾರದ್ದು ಅನ್ನೋ ಪ್ರಶ್ನೆಗೆ ಕಾಲಿನಿಂದ ಉತ್ತರ ಕೊಟ್ಟರು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ಹಕ್ಕು ಇದ್ದರೂ ಓಡದೇ ಇರಬೇಕಾದ ವಸಂತವೂ ಒಂದು ಬಂತು. 2001ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಶುರುವಾಯಿತು. ಅತಿ ಹೆಚ್ಚು ಪೆಟ್ಟು ಬಿದ್ದದ್ದು ಕಂಬ್ರಿಯಾಕ್ಕೆ. ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದು ಹಾಕಿದರು. ಗುಡ್ಡಗಳನ್ನು ಮುಚ್ಚಿದರು, ಓಟಗಳು ರದ್ದಾದವು. ಬೂಟಿನ ಕೆಸರಿನಲ್ಲಿ ರೋಗ ದಾಟುತ್ತೆ ಅನ್ನೋ ಭಯ. ನಮ್ಮ ಟೆಸ್ಟರ್ ಹೇಳ್ತಿದ್ದರು, "ಆ ವರ್ಷ ಗುಡ್ಡ ಕಣ್ಣೆದುರಿಗೇ ಇತ್ತು, ನಾವು ಡಾಂಬರು ರೋಡಲ್ಲಿ ಓಡ್ತಿದ್ವಿ" ಅಂತ. ಯಾರೂ ತಕರಾರು ಮಾಡಲಿಲ್ಲವಂತೆ. ಮಂದೆ ಹೋದರೆ ಬೇರೆ ಕಡೆಯಿಂದ ಕುರಿ ತಂದು ಬಿಡಬಹುದು, ಆದರೆ ಆ ತಾಯಿ-ಮರಿಯ ನಕ್ಷೆ ತರೋದು ಎಲ್ಲಿಂದ?

ಬೇಸಿಗೆ

ಈಗ ಜೂನ್. ಕತ್ತಲು ಕಮ್ಮಿ, ಹಿಮ ಇಲ್ಲ, ಜರೀಗಿಡ ಇನ್ನೂ ಸೊಂಟಕ್ಕೆ ಬಂದಿಲ್ಲ. (ಆಗಸ್ಟಿಗೆ ಅದು ಎದೆಮಟ್ಟ ಬೆಳೆದು ಕಾಲುದಾರಿಯನ್ನೇ ನುಂಗಿಬಿಡುತ್ತೆ.) ಉದ್ದದ ಓಟಕ್ಕೆ ಇದೇ ಸಮಯ.

ಇಪ್ಪತ್ನಾಲ್ಕು ಗಂಟೆಯಲ್ಲಿ ಎಷ್ಟು ಗುಡ್ಡ ಮುಗಿಸಬಹುದು ಅನ್ನೋ ಹುಚ್ಚು ಗ್ರಹಾಂಗಿಂತ ಹಳೆಯದು. 1864ರಲ್ಲೇ ಒಬ್ಬ ಪಾದ್ರಿ ವಾಸ್ಡೇಲ್ ಸುತ್ತಲಿನ ಒಂಬತ್ತು ಶಿಖರಗಳನ್ನು ಎಂಟೂವರೆ ಗಂಟೆಯಲ್ಲಿ ಸುತ್ತಿದ್ದ. 1905ರಲ್ಲಿ ಕೆಸಿಕ್ ಊರಿನ ಡಾಕ್ಟರ್ ಆರ್ಥರ್ ವೇಕ್‌ಫೀಲ್ಡ್ ಆವರೆಗಿನ ಅತಿ ದೊಡ್ಡ ಸುತ್ತನ್ನು 22 ಗಂಟೆ 7 ನಿಮಿಷದಲ್ಲಿ ಮುಗಿಸಿದ. ಈ ವೇಕ್‌ಫೀಲ್ಡ್ ಮುಂದೆ 1922ರ ಎವರೆಸ್ಟ್ ಯಾತ್ರೆಗೆ ಹೋದವನು. ಡಾರ್ಜಿಲಿಂಗಿನಿಂದ ಹೊರಟ ಆ ತಂಡದ ಏಳು ಜನ ಕೂಲಿಗಳು ಹಿಮಪಾತದಲ್ಲಿ ಸತ್ತರು. ವೇಕ್‌ಫೀಲ್ಡನ ಓಟದ ಲೆಕ್ಕ ನಿಮಿಷದವರೆಗೆ ಉಳಿದಿದೆ, ಆ ಏಳು ಜನರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇರಲಿ, ಗ್ರಹಾಂಗೆ ಬರ್ತೀನಿ. 1889ರಲ್ಲಿ ಹುಟ್ಟಿದವನು. ಕುಡಿತ ಇಲ್ಲ, ಮಾತು ಕಮ್ಮಿ, ಗುಡ್ಡ ಅಂದರೆ ಪ್ರಾಣ. 1931ರಲ್ಲಿ ಒಮ್ಮೆ ಪ್ರಯತ್ನಿಸಿ ಸೋತಿದ್ದ. 1932ರ ಜೂನ್‌ನಲ್ಲಿ ಮತ್ತೆ ಹೊರಟ. ಕಾಲಿಗೆ ಟೆನಿಸ್ ಶೂ, ಒಂದು ದೊಗಳೆ ಚಡ್ಡಿ, ಮೈಮೇಲೆ ಪೈಜಾಮದ ಅಂಗಿ! ಊಟಕ್ಕೆ ಬ್ರೆಡ್ಡು ಬೆಣ್ಣೆ, ಅರೆಬೆಂದ ಮೊಟ್ಟೆ, ಹಣ್ಣು, ಮಿಠಾಯಿ. ಜೊತೆಗೆ ಪಾಳಿ ಪ್ರಕಾರ ಓಡೋ ಗೆಳೆಯರು. ಕೆಸಿಕ್ ಪೇಟೆಯ ಮೂಟ್ ಹಾಲ್ ಕಟ್ಟಡದಿಂದ ಹೊರಟು, ಸ್ಕಿಡಾ, ಬ್ಲೆಂಕಾತ್ರ, ಹೆಲ್ವೆಲಿನ್ ಸಾಲು, ಬೋಫೆಲ್, ಸ್ಕೇಫೆಲ್, ಗ್ರೇಟ್ ಗೇಬಲ್ ಎಲ್ಲ ಮುಗಿಸಿ ಅದೇ ಮೂಟ್ ಹಾಲ್‌ಗೆ ಬಂದಾಗ 23 ಗಂಟೆ 39 ನಿಮಿಷ ಆಗಿತ್ತು. ನಲವತ್ತೆರಡು ಶಿಖರ. ವಯಸ್ಸಿಗೊಂದು ಗುಡ್ಡ ಅನ್ನೋ ಮಾತು ಚಾಲ್ತಿಯಲ್ಲಿದೆ. ಕೂಡಿ ಕಳೆದು ನೋಡಿದರೆ ಒಂದು ಹೆಚ್ಚುಕಮ್ಮಿ ಆಗಬಹುದು, ಆದರೆ ಕತೆ ಚೆನ್ನಾಗಿದೆ ಅಂತ ಯಾರೂ ಬಿಟ್ಟಿಲ್ಲ.

ಇವತ್ತು ಅದೇ ಸುತ್ತನ್ನು ಅಳೆದರೆ ಸುಮಾರು 106 ಕಿಲೋಮೀಟರ್, ಒಟ್ಟು ಏರು 8,200 ಮೀಟರಿನಷ್ಟು. ಎವರೆಸ್ಟಿನ ಎತ್ತರಕ್ಕೆ ಸ್ವಲ್ಪವೇ ಕಮ್ಮಿ.

ಆಮೇಲೆ? ಆಮೇಲೆ ಏನೂ ಇಲ್ಲ. ಬಾಬ್ ಗ್ರಹಾಂ ಮರುದಿನ ಅತಿಥಿಗೃಹದ ಕೆಲಸಕ್ಕೆ ಹೋದ ಅಂತಲೇ ಇಟ್ಟುಕೊಳ್ಳಿ. ಯುದ್ಧ ಬಂತು, ಹೋಯಿತು. ದಾಖಲೆ ಹಾಗೇ ಉಳಿಯಿತು. ಯಾರಿಂದಲೂ ಮುರಿಯೋದಕ್ಕೆ ಆಗದ ದಾಖಲೆಯನ್ನು ಜನ ಒಂದು ಹಂತದವರೆಗೆ ಮೆಚ್ಚಿಕೊಳ್ತಾರೆ, ಆಮೇಲೆ ಅನುಮಾನಿಸ್ತಾರೆ. ಐವತ್ತರ ದಶಕದ ಕೊನೆಗೆ ಹ್ಯಾರಿ ಗ್ರಿಫಿನ್ ಎಂಬ ಪತ್ರಕರ್ತ ಈ ಹಳೇ ಸಾಹಸವನ್ನು ನೆನಪಿಸಿ, ಯಾರಾದರೂ ಮಾಡಿ ತೋರಿಸಿ ಅಂತ ಕೆಣಕಿದ. ಲ್ಯಾಂಕಶೈರಿನ ಕ್ಲೇಟನ್-ಲೆ-ಮೂರ್ಸ್ ಎಂಬ ಓಟಗಾರರ ಸಂಘದ ಅಲನ್ ಹೀಟನ್ 1960ರಲ್ಲಿ 22 ಗಂಟೆ 18 ನಿಮಿಷದಲ್ಲಿ ಸುತ್ತು ಮುಗಿಸಿದ. ಅದೇ ವರ್ಷ ಅವನ ಅಣ್ಣತಮ್ಮ ಕೆನ್ ಮತ್ತು ಸ್ಟ್ಯಾನ್ ಬ್ರಾಡ್‌ಶಾ ಕೂಡ ಮುಗಿಸಿದರು. ಇದರಿಂದ ಗ್ರಹಾಂನ ದಾಖಲೆ ಮುರಿಯಿತು, ಆದರೆ ಅವನ ಮಾತು ಉಳಿಯಿತು. ಒಬ್ಬ ಮನುಷ್ಯ ನಿಜಕ್ಕೂ ಇದನ್ನು ಮಾಡಬಹುದು ಅಂತ ಸಾಬೀತಾಯಿತಲ್ಲ! 1966ರಲ್ಲಿ ಗ್ರಹಾಂ ತೀರಿಕೊಂಡ. ಅಷ್ಟರಲ್ಲಿ ಈ ಸಮಾಧಾನ ಅವನಿಗೆ ಸಿಕ್ಕಿತ್ತು.

ಬೇಸಿಗೆಯ ಕೊನೆ

ಆಗಸ್ಟಿನಲ್ಲಿ ಗ್ರಾಸ್ಮಿಯರ್ ಎಂಬ ಊರಲ್ಲಿ ಜಾತ್ರೆಯಂಥ ಕ್ರೀಡೋತ್ಸವ ನಡೆಯುತ್ತೆ. ಕುಸ್ತಿ, ನಾಯಿ ಓಟ, ಗುಡ್ಡದ ಓಟ. ಹತ್ತೊಂಬತ್ತನೇ ಶತಮಾನದಲ್ಲಿ ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದ ಗೈಡುಗಳ ಪಂದ್ಯ ಇದು, ಅದಕ್ಕೇ ಹೆಸರು 'ಗೈಡ್ಸ್ ರೇಸ್'. ಮೈದಾನದಿಂದ ನೇರ ಗುಡ್ಡದ ತುದಿಗೆ, ತುದಿಯಿಂದ ನೇರ ಕೆಳಕ್ಕೆ. ಗೆದ್ದವನಿಗೆ ದುಡ್ಡು, ಸುತ್ತ ಬಾಜಿ ಕಟ್ಟುವವರು.

ಈ ದುಡ್ಡೇ ಸಮಸ್ಯೆ ಆಯಿತು. ಆ ದೇಶದ ಕ್ರೀಡಾ ನಿಯಮದಲ್ಲಿ ಬಹುಮಾನದ ದುಡ್ಡು ಮುಟ್ಟಿದವನು 'ವೃತ್ತಿಪರ', ಅವನಿಗೆ ಹವ್ಯಾಸಿಗಳ ಓಟದಲ್ಲಿ ಜಾಗ ಇಲ್ಲ. ಕೆಲವು ಪೌಂಡಿನ ಲಕೋಟೆಗಾಗಿ ಊರಜಾತ್ರೆಯಲ್ಲಿ ಓಡಿದ ಕುರಿಗಾಹಿ, ಕಾವಲುಗಾರ, ತೋಟದ ಆಳು, ಇವರೆಲ್ಲ ಒಂದು ಕಡೆ. ದುಡ್ಡು ಬೇಡ ಅನ್ನೋ ಅನುಕೂಲ ಇದ್ದವರು ಇನ್ನೊಂದು ಕಡೆ. ಗ್ರಾಸ್ಮಿಯರ್ ಓಟವನ್ನು ಹನ್ನೊಂದು ಸಲ ಗೆದ್ದ ಬಿಲ್ ಟೀಸ್ಡೇಲ್ ಒಬ್ಬ ಕಾವಲುಗಾರ. ಅವನು ಆ ಕಾಲದ ಉತ್ತಮ ಹವ್ಯಾಸಿಗಳ ಜೊತೆ ಓಡಿದ್ದರೆ ಏನಾಗ್ತಿತ್ತು ಅಂತ ಇವತ್ತಿಗೂ ಪಬ್ಬುಗಳಲ್ಲಿ ಚರ್ಚೆ ನಡೆಯುತ್ತೆ. ಈ ಗೋಡೆ ದಾಟಿದವನು ಥ್ರೆಲ್ಕೆಲ್ಡ್ ಹಳ್ಳಿಯ ಕೆನ್ನಿ ಸ್ಟುವರ್ಟ್. ವೃತ್ತಿಪರನಾಗಿ ಓಡುತ್ತಿದ್ದವನು ಎಂಬತ್ತರ ದಶಕದಲ್ಲಿ ಹವ್ಯಾಸಿಗಳ ಸಾಲಿಗೆ ಬಂದು, 1984ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಹತ್ತಿ ಇಳಿದದ್ದು 1 ಗಂಟೆ 25 ನಿಮಿಷ 34 ಸೆಕೆಂಡಿನಲ್ಲಿ. ಬೆನ್ ನೆವಿಸ್ ಅಂದರೆ 1,345 ಮೀಟರ್, ಹೆಚ್ಚುಕಮ್ಮಿ ಸಮುದ್ರಮಟ್ಟದಿಂದಲೇ ಶುರು. 2024ಕ್ಕೆ ನಲವತ್ತು ವರ್ಷ ತುಂಬಿದಾಗಲೂ ಆ ದಾಖಲೆ ಹಾಗೇ ಇತ್ತು.

ಹೆಣ್ಣುಮಕ್ಕಳಿಗೆ ಇದ್ದದ್ದು ಇನ್ನೊಂದು ಗೋಡೆ. 1955ರಲ್ಲಿ ಹದಿನಾರು ವರ್ಷದ ಕ್ಯಾತ್ಲೀನ್ ಕೊನೊಕಿ ಬೆನ್ ನೆವಿಸ್ ಓಟಕ್ಕೆ ಬಂದಾಗ ಅಧಿಕೃತವಾಗಿ ಸೇರಿಸಿಕೊಳ್ಳಲಿಲ್ಲ. ಅವಳು ಓಡಿದಳು. ಮೂರು ಗಂಟೆ ಎರಡು ನಿಮಿಷದಲ್ಲಿ ಹತ್ತಿ ಇಳಿದು ಬಂದಳು. ಹೆಂಗಸರಿಗೆ ಈ ಓಟಗಳ ಬಾಗಿಲು ತೆರೆಯಲು ಎಪ್ಪತ್ತರ ದಶಕ ಬರಬೇಕಾಯಿತು. ಗ್ರಹಾಂ ಸುತ್ತನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮುಗಿಸಿದ ಮೊದಲ ಹೆಣ್ಣು ಜೀನ್ ಡಾಸ್, 1977ರಲ್ಲಿ, 23 ಗಂಟೆ 27 ನಿಮಿಷ. ಗಮನಿಸಿ, ಗ್ರಹಾಂಗಿಂತ ಹನ್ನೆರಡು ನಿಮಿಷ ಮುಂಚೆ.

ಶರತ್ಕಾಲ

ಅಕ್ಟೋಬರಿನಲ್ಲಿ ಜರೀಗಿಡ ಒಣಗಿ ಗುಡ್ಡವೆಲ್ಲ ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಬಿಸಿಲು ಬಿದ್ದರೆ ಕಣ್ಣು ಕೀಳೋದಕ್ಕೆ ಆಗಲ್ಲ. ಕುರಿಗಾಹಿಗಳು ಮಂದೆಗಳನ್ನು ಕೆಳಗೆ ತರ್ತಾರೆ, ತಪ್ಪಿಸಿಕೊಂಡು ಬೇರೆಯವರ ಮಂದೆ ಸೇರಿದ ಕುರಿಗಳನ್ನು ವಿನಿಮಯ ಮಾಡಿಕೊಳ್ತಾರೆ. ಆ ನೆಪದಲ್ಲಿ ಸೇರುವ ಕೂಟಗಳಲ್ಲೂ ಒಂದು ಗುಡ್ಡದ ಓಟ ಇರಲೇಬೇಕು. ವಾಸ್ಡೇಲ್ ಕಣಿವೆಯ ಕೂಟ ನಡೆಯೋದು ಅಕ್ಟೋಬರಿನಲ್ಲೇ.

ಆ ಕಣಿವೆಯ ಕುರಿಗಾಹಿಯೇ ಜಾಸ್ ನೇಲರ್. 1936ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಬೆನ್ನಿಗೆ ಪೆಟ್ಟು ಬಿದ್ದು, ಹರೆಯದಲ್ಲಿ ಆಪರೇಷನ್ ಆಗಿದ್ದ ಮನುಷ್ಯ. 1960ರಲ್ಲಿ ತಮ್ಮೂರಲ್ಲೇ ಒಂದು ಓಟ ಶುರುವಾಗುತ್ತಿದ್ದಾಗ, ಕೆಲಸದ ಬೂಟು ಹಾಕಿಕೊಂಡೇ, ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿಕೊಂಡು ನುಗ್ಗಿದರಂತೆ. ಅಲ್ಲಿಂದ ಹಿಂದೆ ನೋಡಲಿಲ್ಲ. 1975ರ ಬೇಸಿಗೆಯ ಸುಡುಬಿಸಿಲಲ್ಲಿ ಇಪ್ಪತ್ನಾಲ್ಕು ಗಂಟೆಯೊಳಗೆ 72 ಶಿಖರ ಮುಗಿಸಿದರು. ಅದನ್ನು 76ಕ್ಕೆ ಏರಿಸೋದಕ್ಕೆ 1988ರಲ್ಲಿ ಮಾರ್ಕ್ ಮೆಕ್‌ಡರ್ಮಟ್ ಬರಬೇಕಾಯಿತು, 77ಕ್ಕೆ 1997ರಲ್ಲಿ ಮಾರ್ಕ್ ಹಾರ್ಟೆಲ್, 78ಕ್ಕೆ 2020ರಲ್ಲಿ ಕಿಮ್ ಕಾಲಿಸನ್. ಐವತ್ತು ವಯಸ್ಸಿನಲ್ಲಿ, 1986ರಲ್ಲಿ, ಜಾಸ್ ಆ ಪ್ರದೇಶದ 214 ಪ್ರಸಿದ್ಧ ಗುಡ್ಡಗಳನ್ನೂ ಏಳು ದಿನ ಮತ್ತು ಒಂದೂವರೆ ಗಂಟೆಯೊಳಗೆ ಮುಗಿಸಿದ್ದರು. ಇಷ್ಟೆಲ್ಲದರ ನಡುವೆ ಕುರಿ ಕಾಯೋ ಕೆಲಸ ಬಿಡಲಿಲ್ಲ. 2024ರ ಜೂನ್‌ನಲ್ಲಿ ತೀರಿಕೊಂಡರು.

ಶರತ್ಕಾಲಕ್ಕೆ ಇನ್ನೊಂದು ಮುಖವೂ ಇದೆ. 2008ರ ಅಕ್ಟೋಬರ್ ಕೊನೆಯಲ್ಲಿ ಬಾರೋಡೇಲ್‌ನಲ್ಲಿ ಎರಡು ದಿನದ ಪರ್ವತ ಮ್ಯಾರಥಾನ್ ಇತ್ತು. ಎರಡು ಸಾವಿರಕ್ಕೂ ಹೆಚ್ಚು ಓಟಗಾರರು. ಮೊದಲ ದಿನವೇ ಭಯಂಕರ ಮಳೆ ಗಾಳಿ, ರಸ್ತೆಗಳೆಲ್ಲ ಹೊಳೆ. ಓಟ ನಿಲ್ಲಿಸಿದರು. ಸಂಜೆಗೆ ಟೀವಿಗಳಲ್ಲಿ "ಸಾವಿರಾರು ಜನ ನಾಪತ್ತೆ" ಅಂತ ಸುದ್ದಿ! ಇತ್ತ ಆ 'ನಾಪತ್ತೆ'ಯಾದವರು ಹಾನಿಸ್ಟರ್ ಕಣಿವೆಯ ಸ್ಲೇಟ್ ಗಣಿಯಲ್ಲೋ, ಹೊಲದ ಕೊಟ್ಟಿಗೆಯಲ್ಲೋ, ತಮ್ಮದೇ ಪುಟ್ಟ ಟೆಂಟಿನಲ್ಲೋ ಬೆಚ್ಚಗೆ ಕೂತು ಸೂಪು ಕುಡೀತಿದ್ದರು. ಒಬ್ಬರೂ ಸಾಯಲಿಲ್ಲ. ನಕ್ಷೆ, ದಿಕ್ಸೂಚಿ, ಮಳೆ ಕೋಟು, ಸೀಟಿ, ಒಂದಿಷ್ಟು ತಿನಿಸು ಇಲ್ಲದೆ ಓಟಕ್ಕೆ ಬಿಡಲ್ಲ ಅನ್ನೋ ಹಠ ಅಲ್ಲಿ ಸುಮ್ಮನೆ ಬಂದದ್ದಲ್ಲ, ಹಿಂದಿನ ಓಟಗಳಲ್ಲಿ ಚಳಿಗೆ ಜೀವ ಹೋಗಿ ಕಲಿತ ಪಾಠ. ಮುಂದಿನ ವರ್ಷ ನವೆಂಬರಿನಲ್ಲಿ ಸೀತ್‌ವೇಟ್‌ನಲ್ಲಿ ಒಂದೇ ದಿನ 316 ಮಿಲಿಮೀಟರ್ ಮಳೆ ಬಿದ್ದು ಬ್ರಿಟನ್ನಿನ ದಾಖಲೆ ಆಯಿತು. 2015ರ ಡಿಸೆಂಬರಿನಲ್ಲಿ ಪಕ್ಕದ ಹಾನಿಸ್ಟರ್‌ನಲ್ಲೇ 341 ಬಿದ್ದು ಅದೂ ಮುರಿಯಿತು. ಓಟಗಾರರ ದಾಖಲೆಗಿಂತ ಅಲ್ಲಿ ಮಳೆಯ ದಾಖಲೆ ಬೇಗ ಮುರಿಯುತ್ತೆ :-)

ಚಳಿಗಾಲ

ಡಿಸೆಂಬರಿನ ಗುಡ್ಡ ನನಗೆ ಭಯ ಹುಟ್ಟಿಸಿದ ಗುಡ್ಡ. ಮಧ್ಯಾಹ್ನ ನಾಲ್ಕಕ್ಕೆ ಕತ್ತಲು. ಹಣೆಗೆ ಕಟ್ಟಿದ ದೀಪ ಮಂಜಿನಲ್ಲಿ ಬರೀ ಬಿಳಿ ಗೋಡೆ ತೋರಿಸುತ್ತೆ. ನೀರು ಹರಿಯೋ ಕಲ್ಲಿನ ಮೇಲೆ ಗಾಜಿನಂಥ ಮಂಜುಗಡ್ಡೆ. ಸ್ಕಿಡಾದ ಬೆನ್ನ ಮೇಲೆ ನಿಂತು, ಪಕ್ಕದಲ್ಲಿರೋ ಟೆಸ್ಟರ್ ಕಾಣದೇ, ಉಸಿರಿನ ಸದ್ದು ಕೇಳಿ ದಿಕ್ಕು ಹಿಡಿದದ್ದು ನೆನಪಿದೆ.

ಇಂಥ ಕಾಲದಲ್ಲೂ ಪೂರ್ತಿ ಸುತ್ತು ಮುಗಿಸೋರಿದ್ದಾರೆ. 2019ರ ಡಿಸೆಂಬರಿನಲ್ಲಿ ಕಿಮ್ ಕಾಲಿಸನ್ 15 ಗಂಟೆ 47 ನಿಮಿಷದಲ್ಲಿ ಮುಗಿಸಿದ. ಅಂದರೆ ಅರ್ಧಕ್ಕಿಂತ ಹೆಚ್ಚು ಓಟ ಕತ್ತಲಲ್ಲಿ. ಅದೇ ವರ್ಷದ ಜನವರಿಯಲ್ಲಿ ಇನ್ನೂ ದೊಡ್ಡದೊಂದು ನಡೆದಿತ್ತು. ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಪೆನೈನ್ ಬೆಟ್ಟಸಾಲಿನ ಉದ್ದಕ್ಕೂ 268 ಮೈಲಿ ಓಡುವ ಸ್ಪೈನ್ ರೇಸ್. ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆ 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಬಂದರು. ಆಗ ಅವರಿಗೆ ಹಾಲು ಕುಡಿಯುವ ಪುಟ್ಟ ಮಗಳು. ದಾರಿಯ ತಂಗುದಾಣಗಳಲ್ಲಿ ಎದೆಹಾಲು ತೆಗೆದಿಡುತ್ತಾ ಓಡಿದ್ದರು. ಕ್ಯಾತ್ಲೀನ್‌ಗೆ "ಹುಡುಗಿಯರಿಗೆ ಇದು ಆಗಲ್ಲ" ಅಂದ 1955ಕ್ಕೂ ಇದಕ್ಕೂ ನಡುವೆ ಬರೀ 64 ವರ್ಷ.

ಸಾಕ್ಷಿ

ಈಗ ಆರಂಭದ ಪ್ರಶ್ನೆಗೆ. ಗ್ರಹಾಂ ನಿಜವಾಗಲೂ ಓಡಿದ್ದನಾ?

1971ರಲ್ಲಿ ಫ್ರೆಡ್ ರೋಜರ್ಸನ್ ಎಂಬುವರು ಇಪ್ಪತ್ನಾಲ್ಕು ಗಂಟೆಯೊಳಗೆ ಸುತ್ತು ಮುಗಿಸಿದವರಿಗಾಗಿ ಬಾಬ್ ಗ್ರಹಾಂ ಕ್ಲಬ್ ಶುರು ಮಾಡಿದರು. ಇವತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಮುಗಿಸಿದ್ದಾರೆ. ಈ ಕ್ಲಬ್ಬಿನ ನಿಯಮ ನನಗೆ ಬಹಳ ಇಷ್ಟ. ಪ್ರತಿ ಶಿಖರದಲ್ಲೂ ಓಟಗಾರನ ಜೊತೆ ಒಬ್ಬ ಸಾಕ್ಷಿ ಇರಬೇಕು. ಅಂದರೆ ಒಬ್ಬನ ಸಾಹಸಕ್ಕೆ ಗೆಳೆಯರು ನಿದ್ದೆಗೆಟ್ಟು, ಚೀಲ ಹೊತ್ತು, ಸಮಯ ಬರೆದುಕೊಳ್ಳುತ್ತಾ ಜೊತೆಗೆ ಓಡಬೇಕು. ಮುಂದಿನ ವರ್ಷ ಅವರ ಸರದಿಗೆ ಇವನು. ಹೀಗೆ ಒಬ್ಬರ ಮಾತಿಗೆ ಇನ್ನೊಬ್ಬರು, ಅವರ ಮಾತಿಗೆ ಮತ್ತೊಬ್ಬರು. ಕಂಪ್ಯೂಟರಿನವನಾಗಿ ಹೇಳೋದಾದರೆ, ಸರ್ವರ್ ಇಲ್ಲದ ಲಾಗ್ ಫೈಲ್ ಇದು, ಮನುಷ್ಯರ ನಂಬಿಕೆಯ ಮೇಲೆ ನಿಂತದ್ದು.

1982ರಲ್ಲಿ ಬಾರೋಡೇಲ್‌ನ ಬಿಲ್ಲಿ ಬ್ಲಾಂಡ್ 13 ಗಂಟೆ 53 ನಿಮಿಷದಲ್ಲಿ ಸುತ್ತು ಮುಗಿಸಿದಾಗಲೂ ಇದ್ದದ್ದು ಇಂಥ ಸಾಕ್ಷಿಗಳೇ. 36 ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಆದರೆ ಗ್ರಹಾಂಗೆ ಆದ ಗತಿ ಬ್ಲಾಂಡ್‌ಗೆ ಆಗಲಿಲ್ಲ. ಕಾರಣ ಜೊತೆಗೆ ಓಡಿದವರು ಇದ್ದರು, ಅವರ ಮಾತನ್ನು ನಂಬುವ ಒಂದು ಬಳಗ ಇತ್ತು. 2018ರ ಜುಲೈನಲ್ಲಿ ಸ್ಪೇನಿನ ಕಿಲಿಯನ್ ಜೊರ್ನೆಟ್ 12 ಗಂಟೆ 52 ನಿಮಿಷದಲ್ಲಿ ಮುಗಿಸಿ ಮೂಟ್ ಹಾಲ್ ಮುಟ್ಟಿದಾಗ, ಅಭಿನಂದಿಸೋದಕ್ಕೆ ಮುದುಕ ಬಿಲ್ಲಿ ಬ್ಲಾಂಡ್ ಅಲ್ಲೇ ನಿಂತಿದ್ದರು. ಜಗತ್ತಿನ ದೊಡ್ಡ ಪರ್ವತ ಓಟಗಾರ ಕೂಡ ಊರಿನ ಓಟಗಾರರನ್ನೇ ಜೊತೆಗಿಟ್ಟುಕೊಂಡು, ಊರಿನ ಪದ್ಧತಿಯಲ್ಲೇ ಓಡಿದ್ದ. 2022ರಲ್ಲಿ ಅಮೆರಿಕದ ಜ್ಯಾಕ್ ಕುಂಜ್ಲೆ ಅದನ್ನೂ ಮುರಿದು 12 ಗಂಟೆ 23 ನಿಮಿಷಕ್ಕೆ ಇಳಿಸಿದ.

ಇವತ್ತು ಸಾಕ್ಷಿಯ ಕೆಲಸವನ್ನು ಕೈಗಡಿಯಾರ ಮಾಡುತ್ತೆ. ಉಪಗ್ರಹ ನೋಡುತ್ತೆ, ಸ್ಟ್ರಾವಾದಲ್ಲಿ ಕೆಂಪು ಗೆರೆ ಮೂಡುತ್ತೆ. "ಸ್ಟ್ರಾವಾದಲ್ಲಿ ಇಲ್ಲ ಅಂದರೆ ನೀನು ಓಡೇ ಇಲ್ಲ" ಅಂತ ಬೆಂಗಳೂರಿನ ನನ್ನ ಗೆಳೆಯರೇ ತಮಾಷೆ ಮಾಡ್ತಾರೆ. ತಮಾಷೆಯೇ, ಆದರೆ ನನಗೆ ಅದು ಚುಚ್ಚುತ್ತೆ. ಯಾಕೆ ಅಂತ ಹೇಳ್ತೀನಿ.

ನಮ್ಮಜ್ಜ ಆಗುಂಬೆ ಕಡೆಯವರು. ಹರೆಯದಲ್ಲಿ ಬೆಳಗಿನ ಜಾವ ಎದ್ದು, ಘಾಟಿ ಇಳಿದು ಸೋಮೇಶ್ವರಕ್ಕೆ ಹೋಗಿ, ಕೆಲಸ ಮುಗಿಸಿ, ತಲೆ ಮೇಲೆ ಹೊರೆ ಹೊತ್ತು ಮತ್ತೆ ಘಾಟಿ ಹತ್ತಿ ದೀಪ ಹಚ್ಚೋ ಹೊತ್ತಿಗೆ ಮನೆ ಸೇರ್ತಿದ್ದರಂತೆ. ಮಳೆಗಾಲದಲ್ಲೂ. ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಹಚ್ಚಿಕೊಂಡು. ಈ ಕತೆ ಶುರು ಮಾಡಿದರೆ ಸಾಕು, "ಅಪ್ಪಯ್ಯ ಸುಮ್ನೆ ಬಂಡಲ್ ಬಿಡ್ತಾರೆ ಮಾರಾಯ" ಅಂತ ನಮ್ಮ ಚಿಕ್ಕಪ್ಪ ನಗೋರು. ಅಜ್ಜ ಎಲೆಅಡಿಕೆ ಜಗಿಯುತ್ತಾ ಸುಮ್ಮನಾಗಿಬಿಡೋರು. ಜೊತೆಗೆ ನಡೆದ ಗೆಳೆಯರೆಲ್ಲ ಅವರಿಗಿಂತ ಮೊದಲೇ ಹೋಗಿದ್ದರು. ಸಾಕ್ಷಿ ಹೇಳೋದಕ್ಕೆ ಯಾರೂ ಉಳಿದಿರಲಿಲ್ಲ. ಈಗ ಅಜ್ಜನೂ ಇಲ್ಲ.

ಗ್ರಹಾಂಗೆ ಒಬ್ಬ ಹ್ಯಾರಿ ಗ್ರಿಫಿನ್ ಸಿಕ್ಕ, ಒಬ್ಬ ಅಲನ್ ಹೀಟನ್ ಸಿಕ್ಕ. ಒಬ್ಬ ಬರೆದ, ಇನ್ನೊಬ್ಬ ಓಡಿದ. ಇಬ್ಬರೂ ಸೇರಿ ಒಬ್ಬ ಮಿತಭಾಷಿಯ ಮಾತನ್ನು ಅವನು ಬದುಕಿರುವಾಗಲೇ ಉಳಿಸಿದರು. ಈ ಇಡೀ ಇತಿಹಾಸದಲ್ಲಿ ನನಗೆ ಕಿಲಿಯನ್‌ನ 12 ಗಂಟೆಗಿಂತಲೂ ದೊಡ್ಡದಾಗಿ ಕಾಣೋದು ಇದೇ. ದಾಖಲೆಗಳು ಮುರಿಯೋದಕ್ಕೇ ಇರೋದು. ಆದರೆ ಒಬ್ಬ ಮನುಷ್ಯ ಸುಳ್ಳು ಹೇಳಲಿಲ್ಲ ಅಂತ ಗೊತ್ತುಮಾಡಿಕೊಳ್ಳೋಕೆ ಇನ್ನೊಬ್ಬ ಮನುಷ್ಯ ಅಷ್ಟು ದೂರ ಓಡಬೇಕಾಗುತ್ತೆ.

ನಮ್ಮ ಘಟ್ಟದ ಗುಡ್ಡಗಳಲ್ಲೂ ಈಗ ಓಟದ ಪಂದ್ಯಗಳು ಶುರುವಾಗಿವೆ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರಾತ್ರಿಹಗಲು ಓಡೋರಿದ್ದಾರೆ. ಒಳ್ಳೆಯದೇ. ಆದರೆ ಆ ದಾರಿಗಳಲ್ಲಿ ಮೊದಲು ಹೆಜ್ಜೆ ಹಾಕಿದವರು ಅಡಿಕೆ ಹೊತ್ತವರು, ಟಪಾಲು ಹೊತ್ತವರು, ತವರಿಗೆ ಮಗು ಎತ್ತಿಕೊಂಡು ನಡೆದವರು. ಅವರ ಸಮಯವನ್ನು ಯಾರೂ ಬರೆದಿಟ್ಟಿಲ್ಲ.

ನಿಮ್ಮ ಮನೆಯಲ್ಲಿ ಅಂಥವರು ಇನ್ನೂ ಇದ್ದರೆ, ಎಲ್ಲಿಂದ ಎಲ್ಲಿಗೆ ನಡೆದರು, ಯಾವ ಕಾಲದಲ್ಲಿ, ಹೊತ್ತದ್ದು ಏನು, ಮನೆ ಸೇರಿದಾಗ ಹೊತ್ತೆಷ್ಟಾಗಿತ್ತು, ಜೊತೆಗೆ ಯಾರಿದ್ದರು ಅಂತ ಕೇಳಿ ಬರೆದಿಡಿ. "ಬಂಡಲ್" ಅಂತ ನಗೋದಕ್ಕೆ ಮುಂಚೆ ಒಮ್ಮೆ ಆ ದಾರಿ ನಡೆದು ನೋಡಿ. ಮಳೆ ನಿಂತ ಮೇಲೆ ನಾನೂ ಆ ಘಾಟಿಯನ್ನು ಬೆಳಗಿನ ಜಾವ ಇಳಿದು, ಸಂಜೆಯೊಳಗೆ ಹತ್ತಬೇಕು ಅಂದುಕೊಂಡಿದ್ದೀನಿ. ಚಿಕ್ಕಪ್ಪನನ್ನೂ ಕರೆದಿದ್ದೀನಿ, ಸಾಕ್ಷಿ ಬೇಕಲ್ಲ :-)